ಹಿಪ್ಪರಗಾ ಶಾಲೆಯ ಗುರು ಸ್ವಾಮಿ ರಾಮಾನಂದ ತೀರ್ಥ

ಸ್ವಾಮಿ ರಾಮಾನಂದ ತೀರ್ಥರು 1903ರ ಅಕ್ಟೋಬರ್ 3ರಂದು ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿದರು. ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ. ಕಾರ್ಮಿಕ ಸಂಘಟನೆಯಲ್ಲಿ ದುಡಿದು, ನಂತರ ಉಮರ್ಗಾ ಸಮೀಪದ ಹಿಪ್ಪರಗಾ ರಾಷ್ಟ್ರೀಯ ಶಾಲೆಗೆ ಶಿಕ್ಷಕರಾಗಿ ಬಂದರು. ಸನ್ಯಾಸ ಸ್ವೀಕರಿಸಿದರೂ ಪಾಠ ಬಿಡಲಿಲ್ಲ.

ಮನುಷ್ಯನ ಮೆದುಳು ಬಹುಪಾಲು ಬೆಳೆಯುವುದು ಹುಟ್ಟಿದ ಮೇಲೆ, ಹಿರಿಯರ ಒಡನಾಟದಲ್ಲಿ. ನೋಡಿ ಕಲಿಯುವ ಗುಣವೇ ಮನುಷ್ಯಕುಲದ ಬುದ್ಧಿಯನ್ನು ಬೆಳೆಸಿತೆಂದು ಅನೇಕ ವಿಜ್ಞಾನಿಗಳ ಅಭಿಪ್ರಾಯ. ನಿಜಾಮರ ಆಳ್ವಿಕೆಯಲ್ಲಿ ಸ್ವಾತಂತ್ರ್ಯದ ಪಾಠ ಪುಸ್ತಕದಲ್ಲಿ ಸಿಗುತ್ತಿರಲಿಲ್ಲ. ಮಕ್ಕಳು ಅದನ್ನು ಇಂಥ ಗುರುಗಳ ನಡೆಯಿಂದಲೇ ಕಲಿಯಬೇಕಿತ್ತು.

1938ರ ಸತ್ಯಾಗ್ರಹದಲ್ಲಿ ಅವರು ಜೈಲು ಸೇರಿದರು. 1947-48ರಲ್ಲಿ ಮತ್ತೆ ಸೆರೆವಾಸ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ವಿಮೋಚನೆಗೊಂಡಿತು. 1972ರ ಜನವರಿ 22ರಂದು ಅವರು ನಿಧನರಾದರು. ನಿಲಂಗಾ, ಉದಗೀರದ ಕಾಲೇಜುಗಳ ಮಕ್ಕಳು ಇಂದು ಪದವಿ ಪಡೆಯುವ ನಾಂದೇಡ ವಿಶ್ವವಿದ್ಯಾಲಯಕ್ಕೆ ಈ ಗುರುವಿನದೇ ಹೆಸರು.