ಎರಡು ಕನ್ನಡಕ ಒಂದಾಗಿಸಿದ ಮುತ್ಸದ್ದಿ

ದೂರ ನೋಡಲು ಒಂದು ಕನ್ನಡಕ, ಓದಲು ಇನ್ನೊಂದು. ಒಂದನ್ನು ತೆಗೆದು ಮತ್ತೊಂದನ್ನು ಹುಡುಕುವ ಈ ಪಾಡು ಬಹುಪಾಲು ಹಿರಿಯರಿಗೆ ಪರಿಚಿತ. ಓದುವ ಕನ್ನಡಕಕ್ಕೆ ನಮ್ಮಲ್ಲಿರುವ ಚಾಳೀಸು ಎಂಬ ಹೆಸರೇ ನಲವತ್ತರ ಸೂಚಕ. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಗಡಸಾಗಿ, ಹತ್ತಿರದ ನೋಟಕ್ಕೆ ತಕ್ಕಂತೆ ಆಕಾರ ಬದಲಿಸಲಾರದು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಅವರನ್ನೂ ಈ ತೊಂದರೆ ಬಿಡಲಿಲ್ಲ.

1706ರ ಜನವರಿ 17ರಂದು ಬೋಸ್ಟನ್‌ನಲ್ಲಿ ಜನಿಸಿದ ಅವರು ಮೇಣದಬತ್ತಿ, ಸಾಬೂನು ತಯಾರಿಸುತ್ತಿದ್ದವರೊಬ್ಬರ 17 ಮಕ್ಕಳಲ್ಲಿ 15ನೆಯವರು. ಶಾಲೆ ಕಂಡದ್ದು ಎರಡೇ ವರ್ಷ. 12ನೇ ವಯಸ್ಸಿಗೆ ಅಣ್ಣನ ಮುದ್ರಣಾಲಯದಲ್ಲಿ ಕೆಲಸಕ್ಕೆ ನಿಂತರು. ಪುಸ್ತಕದಂಗಡಿಯ ಹುಡುಗರಿಂದ ಸಂಜೆ ಎರವಲು ತಂದ ಪುಸ್ತಕವನ್ನು ರಾತ್ರಿಯೆಲ್ಲ ಓದಿ, ಬೆಳಗ್ಗೆ ಹಿಂದಿರುಗಿಸುತ್ತಿದ್ದರು. 1723ರಲ್ಲಿ ಅಣ್ಣನಿಂದ ತಪ್ಪಿಸಿಕೊಂಡು ಫಿಲಡೆಲ್ಫಿಯಾ ಸೇರಿ, ಮುಂದೆ ಸ್ವಂತ ಮುದ್ರಣಾಲಯ, ಪತ್ರಿಕೆ, ಪಂಚಾಂಗಗಳಿಂದ ಹೆಸರು, ಹಣ ಎರಡನ್ನೂ ಗಳಿಸಿದರು. ಅಚ್ಚುಮೊಳೆಗಳ ನಡುವೆ ಸವೆದ ಕಣ್ಣುಗಳವು. 42ಕ್ಕೇ ವೃತ್ತಿಯಿಂದ ದೂರ ಸರಿದು ವಿದ್ಯುತ್ತಿನ ಪ್ರಯೋಗಗಳಲ್ಲಿ ತೊಡಗಿದ್ದು ಎಲ್ಲರೂ ಬಲ್ಲ ಕಥೆ.

ಕನ್ನಡಕದ ಪ್ರಸಂಗ ಬರುವುದು ಅವರ ಇಳಿವಯಸ್ಸಿನಲ್ಲಿ. ಬ್ರಿಟನ್ ವಿರುದ್ಧದ ಯುದ್ಧಕ್ಕೆ ಫ್ರಾನ್ಸಿನ ನೆರವು ಕೋರಲು 1776ರ ಡಿಸೆಂಬರ್‌ನಲ್ಲಿ ಅವರು ಆ ದೇಶಕ್ಕೆ ಬಂದಿಳಿದಾಗ ವಯಸ್ಸು 70. 1778ರಲ್ಲಿ ಮೈತ್ರಿ ಒಪ್ಪಂದವಾಯಿತು. ಆದರೆ ರಾಜಕಾರಣದ ಎಷ್ಟೋ ಮಾತು ನಡೆಯುತ್ತಿದ್ದುದು ಊಟದ ಮೇಜಿನ ಸುತ್ತ, ಅದೂ ಫ್ರೆಂಚ್‌ನಲ್ಲಿ. ತಟ್ಟೆಯಲ್ಲಿದ್ದುದನ್ನು ತೋರುವ ಕನ್ನಡಕದಲ್ಲಿ ಎದುರಿಗಿದ್ದವರ ಮುಖ ಮಸುಕು. ಕಿವಿಗೆ ಪಳಗದ ಭಾಷೆಯಲ್ಲಿ ಮುಖಚಹರೆಯೇ ಅರ್ಧ ಅರ್ಥವನ್ನು ಹೇಳುತ್ತದಲ್ಲವೇ?

ಪ್ರಯಾಣದಲ್ಲಿಯೂ ಅದೇ ಪೇಚು. ಪುಸ್ತಕ ಓದುತ್ತ ಹೊರಗಿನ ದೃಶ್ಯ ಸವಿಯಬೇಕೆಂದರೆ ಪದೇ ಪದೇ ಕನ್ನಡಕ ಬದಲಿಸಬೇಕಿತ್ತು. ಕೊನೆಗೆ ಎರಡೂ ಬಗೆಯ ಮಸೂರಗಳನ್ನು ಕತ್ತರಿಸಿ, ದೂರದ್ದರ ಅರ್ಧವನ್ನು ಮೇಲೆ, ಓದುವುದರ ಅರ್ಧವನ್ನು ಕೆಳಗೆ ಒಂದೇ ಚೌಕಟ್ಟಿನಲ್ಲಿ ಕೂಡಿಸಿದರು. ಈಗ ಕಣ್ಣು ಮೇಲೆ ಕೆಳಗೆ ಆಡಿಸಿದರೆ ಸಾಕು. ಕನ್ನಡಕದ ದೆಸೆಯಿಂದ ತಮಗೆ ಫ್ರೆಂಚ್ ಇನ್ನಷ್ಟು ಚೆನ್ನಾಗಿ ಅರ್ಥವಾಗುತ್ತಿದೆ ಎಂದು 1785ರ ಮೇ ತಿಂಗಳಲ್ಲಿ ಜಾರ್ಜ್ ವಾಟ್ಲಿ ಎಂಬ ಮಿತ್ರರಿಗೆ ಪತ್ರ ಬರೆದರು.

ಇಂಥ ಕನ್ನಡಕ ಕೆಲವೇ ಕಣ್ಣುಗಳಿಗೆ ಹೊಂದೀತೆಂಬುದು ಲಂಡನ್ನಿನ ಮಸೂರ ತಯಾರಕ ಡಾಲಂಡ್ ಅವರ ಅಭಿಪ್ರಾಯವಾಗಿತ್ತು. ಅದರ ರಚನೆಯನ್ನು ಅವರು ಸರಿಯಾಗಿ ತಿಳಿದಿರಲಾರರು ಎಂಬುದು ಫ್ರಾಂಕ್ಲಿನ್ ಉತ್ತರ. ಇದನ್ನು ಮೊದಲು ರೂಪಿಸಿದವರು ಅವರೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಬೈಫೋಕಲ್ ಎಂಬ ಹೆಸರಂತೂ ಅವರದ್ದಲ್ಲ. ಅದು ಜಾನ್ ಐಸಾಕ್ ಹಾಕಿನ್ಸ್ 1824ರಲ್ಲಿ ಕೊಟ್ಟದ್ದು.

ಡಾಲಂಡ್ ಅನುಮಾನ ಪೂರ್ತಿ ಸುಳ್ಳೆನ್ನಲೂ ಆಗದು. ಊಟದ ಮೇಜಿನಲ್ಲಿ ಒದಗುವ ಬೈಫೋಕಲ್ ಮೆಟ್ಟಿಲಿಳಿಯುವಾಗ ಕೈಕೊಡುತ್ತದೆ. ಕೆಳಗಿನ ಅರ್ಧದಲ್ಲಿ ಮೆಟ್ಟಿಲ ಅಂಚು ಮಸುಕಾಗಿ ಹಿರಿಯರು ಮುಗ್ಗರಿಸುವ ಅಪಾಯವುಂಟು. ಕಂಪ್ಯೂಟರ್ ಪರದೆಯ ದೂರವೂ ಎರಡು ಅರ್ಧಗಳ ನಡುವೆ ಸಿಕ್ಕಿಕೊಳ್ಳುತ್ತದೆ. 1959ರಲ್ಲಿ ಫ್ರಾನ್ಸಿನಲ್ಲೇ ಮಾರುಕಟ್ಟೆಗೆ ಬಂದ ಗೆರೆಯಿಲ್ಲದ ಪ್ರೊಗ್ರೆಸಿವ್ ಮಸೂರ ಆ ನಡುದೂರವನ್ನು ತುಂಬಿತಾದರೂ, ಅದರ ಅಂಚುಗಳಲ್ಲಿ ನೋಟ ತುಸು ಕದಡುತ್ತದೆ. ಅಂಗಡಿಯಲ್ಲಿ ದುಬಾರಿಯಾದುದನ್ನೇ ಆರಿಸುವವರು ತಮ್ಮ ದಿನ ಎಲ್ಲಿ ಕಳೆಯುತ್ತದೆಂದು ಫ್ರಾಂಕ್ಲಿನ್‌ರಂತೆ ಮೊದಲು ಲೆಕ್ಕ ಹಾಕುವುದು ಲೇಸು.

1785ರಲ್ಲಿ ಫ್ರಾಂಕ್ಲಿನ್ ತಾಯ್ನಾಡಿಗೆ ಮರಳಿದರು. ಆ ವರ್ಷ ಚಾರ್ಲ್ಸ್ ವಿಲ್ಸನ್ ಪೀಲ್ ರಚಿಸಿದ ಅವರ ಭಾವಚಿತ್ರದಲ್ಲಿ ಈ ಜೋಡಿ ಮಸೂರದ ಕನ್ನಡಕವಿದೆ. 1787ರಲ್ಲಿ, 81ನೇ ವಯಸ್ಸಿನಲ್ಲಿ, ಸಂವಿಧಾನಕ್ಕೆ ಸಹಿ ಹಾಕಿದವರಲ್ಲಿ ಅವರೇ ಹಿರಿಯರು. ಒಂದು ಕಾಲಕ್ಕೆ ತಾವೇ ಗುಲಾಮರನ್ನು ಇಟ್ಟುಕೊಂಡಿದ್ದ ಅವರು, 1790ರ ಫೆಬ್ರವರಿಯಲ್ಲಿ ಗುಲಾಮಗಿರಿಯ ವಿರುದ್ಧ ಸಂಸತ್ತಿಗೆ ಸಲ್ಲಿಸಿದ ಮನವಿಗೆ ಸಹಿ ಮಾಡಿದರು. ಅದೇ ವರ್ಷ ಏಪ್ರಿಲ್ 17ರಂದು ಫಿಲಡೆಲ್ಫಿಯಾದಲ್ಲಿ ನಿಧನರಾದರು.