ಹೆಸರಾಗಿ ಉಳಿದ ದೊರೆ ಬ್ರಿಯಾನ್ ಬೋರು

ಬ್ರಿಯಾನ್ ಎಂದೊಡನೆ ನಮ್ಮ ಕ್ರಿಕೆಟ್ ಪ್ರೇಮಿಗಳ ಕಣ್ಣ ಮುಂದೆ ನಿಲ್ಲುವುದು ವೆಸ್ಟ್ ಇಂಡೀಸ್‌ನ ಲಾರಾ. ಆದರೆ ಆ ಹೆಸರಿನ ಬೇರು ಇರುವುದು ಐರ್ಲೆಂಡಿನಲ್ಲಿ. ಸೆಲ್ಟಿಕ್ ಮೂಲದ ಈ ಗಂಡು ಹೆಸರು ಬೆಟ್ಟ ಎಂಬ ಅರ್ಥದ ಹಳೆಯ ಪದದಿಂದ ಹುಟ್ಟಿ, ಉನ್ನತನಾದವನು ಎಂಬ ಭಾವವನ್ನು ಪಡೆದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಅದನ್ನು ಮನೆಮಾತಾಗಿಸಿದವನು ಸಾವಿರ ವರ್ಷಗಳ ಹಿಂದೆ ಆಳಿದ ದೊರೆ ಬ್ರಿಯಾನ್ ಬೋರು.

ಸುಮಾರು 941ರಲ್ಲಿ ಹುಟ್ಟಿದ ಬ್ರಿಯಾನ್, ಶಾನನ್ ನದಿಯ ದಡದ ಡಾಲ್ ಗಾಶ್ ಎಂಬ ಸಣ್ಣ ಕುಲದ ನಾಯಕ ಕೆನ್ನೇಟಿಗನ ಕಿರಿಯ ಮಕ್ಕಳಲ್ಲೊಬ್ಬ. ಆಗ ಐರ್ಲೆಂಡ್ ಹತ್ತಾರು ಪುಟ್ಟ ರಾಜ್ಯಗಳಾಗಿ ಹಂಚಿಹೋಗಿತ್ತು. ಸಮುದ್ರ ದಾಟಿ ಬಂದ ವೈಕಿಂಗರು ಡಬ್ಲಿನ್, ಲಿಮರಿಕ್ ಮೊದಲಾದ ಬಂದರುಗಳಲ್ಲಿ ನೆಲೆಯೂರಿದ್ದರು. ಅಣ್ಣ ಮಹ್ಗಮನ್‌ನೊಂದಿಗೆ ಲಿಮರಿಕ್‌ನ ವೈಕಿಂಗರ ವಿರುದ್ಧ ಹೋರಾಡುತ್ತಲೇ ಬ್ರಿಯಾನ್ ಯುದ್ಧ ಕಲಿತ. 976ರಲ್ಲಿ ಶತ್ರುಗಳು ಅಣ್ಣನನ್ನು ಕೊಂದರು. ಎರಡು ವರ್ಷಗಳಲ್ಲಿ ಬ್ರಿಯಾನ್ ಅವರನ್ನು ಸದೆಬಡಿದು ದಕ್ಷಿಣದ ಮನ್‌ಸ್ಟರ್‌ಗೆ ಒಡೆಯನಾದ.

ದೇಶದ ಮಹಾರಾಜ ಪದವಿ ಶತಮಾನಗಳಿಂದ ಉತ್ತರದ ಊ ನೀಲ್ ವಂಶದ ಸ್ವತ್ತಾಗಿತ್ತು. 1002ರಲ್ಲಿ ಆ ವಂಶದ ಮಾಲ್ ಸೆಖ್ನಾಲ್ ಯಾವುದೇ ದೊಡ್ಡ ಕಾಳಗವಿಲ್ಲದೆ ಬ್ರಿಯಾನ್‌ಗೆ ಮಣಿದ. 1005ರಲ್ಲಿ ಬ್ರಿಯಾನ್ ಆರ್ಮಾ ಕ್ಷೇತ್ರಕ್ಕೆ ತೆರಳಿ, ಚರ್ಚಿನ ಪೀಠದ ಮೇಲೆ 20 ಔನ್ಸ್ ಚಿನ್ನವನ್ನು ಕಾಣಿಕೆಯಾಗಿ ಇಟ್ಟ. ಅಲ್ಲಿನ ಪವಿತ್ರ ಹಸ್ತಪ್ರತಿಯಲ್ಲಿ ಅವನನ್ನು ಐರಿಷರ ಚಕ್ರವರ್ತಿಯೆಂದು ದಾಖಲಿಸಲಾಯಿತು.

ಚಕ್ರಾಧಿಪತ್ಯ ಬಹುಕಾಲ ನೆಮ್ಮದಿ ನೀಡಲಿಲ್ಲ. ಲೀನ್‌ಸ್ಟರ್‌ನ ದೊರೆ ಮಾಲ್ ಮೋರ್ಡಾ ಮತ್ತು ಡಬ್ಲಿನ್‌ನ ಸಿಟ್ರಿಕ್ ತಿರುಗಿಬಿದ್ದರು. ಈ ಸಿಟ್ರಿಕ್ ಬೇರೆ ಯಾರೂ ಅಲ್ಲ, ಬ್ರಿಯಾನ್‌ನ ಸ್ವಂತ ಅಳಿಯ. 1014ರ ಏಪ್ರಿಲ್ 23, ಗುಡ್ ಫ್ರೈಡೇ. ಡಬ್ಲಿನ್ ಹೊರವಲಯದ ಕ್ಲೊಂಟಾರ್ಫ್‌ನಲ್ಲಿ ಎರಡೂ ಸೇನೆಗಳು ಮುಖಾಮುಖಿಯಾದವು. ಎಪ್ಪತ್ತು ದಾಟಿದ್ದ ಬ್ರಿಯಾನ್ ರಣರಂಗಕ್ಕೆ ಇಳಿಯಲಿಲ್ಲ. ಸಂಜೆಯ ವೇಳೆಗೆ ಅವನ ಪಡೆ ಗೆದ್ದಿತು. ಆದರೆ ಮಗ ಮುರ್ಹಾದ್ ಹಾಗೂ ಮೊಮ್ಮಗ ಮಡಿದಿದ್ದರು. ಸೋತು ಓಡುತ್ತಿದ್ದ ವೈಕಿಂಗರು ದೊರೆಯನ್ನೂ ಕೊಂದರು. ಪಾರ್ಥಿವ ಶರೀರವನ್ನು ಆರ್ಮಾದಲ್ಲಿ ಸಮಾಧಿ ಮಾಡಲಾಯಿತು.

ವೈಕಿಂಗರನ್ನು ದೇಶದಿಂದಲೇ ಹೊರಗಟ್ಟಿದ ವೀರ ಎಂದು ಜನಪದ ಅವನನ್ನು ಕೊಂಡಾಡುತ್ತದೆ. ಇತಿಹಾಸ ಅಷ್ಟು ಸರಳವಾಗಿಲ್ಲ. ಅವನ ಪರವಾಗಿಯೂ ವೈಕಿಂಗರು ಕಾದಾಡಿದ್ದರು. ಸಿಟ್ರಿಕ್ 1036ರವರೆಗೂ ಡಬ್ಲಿನ್ ಆಳಿದ. ಮಹಾರಾಜ ಪದವಿಯಂತೂ ಮರಳಿ ಮಾಲ್ ಸೆಖ್ನಾಲ್‌ನ ಪಾಲಾಯಿತು. ಬ್ರಿಯಾನ್ ಕಟ್ಟಿದ ಏಕಛತ್ರ ರಾಜ್ಯ ಅವನೊಂದಿಗೇ ಕುಸಿಯಿತು.

ಉಳಿದದ್ದು ಹೆಸರು. ಅವನ ಸಂತತಿ ಓಬ್ರಿಯನ್ ಎಂಬ ಮನೆತನದ ಹೆಸರನ್ನು ಧರಿಸಿತು. ಬ್ರಿಯಾನ್‌ನ ವಂಶಜ ಎಂಬುದೇ ಅದರ ಅರ್ಥ. ಐರಿಷ್ ವಲಸಿಗರ ಜತೆ ಅದು ಅಮೆರಿಕ, ಆಸ್ಟ್ರೇಲಿಯಾಗಳನ್ನು ತಲುಪಿತು. 20ನೇ ಶತಮಾನದಲ್ಲಿ ಇಂಗ್ಲಿಷ್ ಮಾತನಾಡುವ ನಾಡುಗಳ ಅಸಂಖ್ಯ ತಾಯ್ತಂದೆಯರು ತಮ್ಮ ಗಂಡುಮಕ್ಕಳಿಗೆ ಬ್ರಿಯಾನ್ ಎಂದೇ ಹೆಸರಿಟ್ಟರು.