ಪ್ವಾಜೆಯ್: ಫಾರ್ಮುಲಾ ಹಿಂದಿನ ಡಾಕ್ಟ್ರು

ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದ ನಮಗೆಲ್ಲ ಹೇಗನ್-ಪ್ವಾಜೆಯ್ ಸಮೀಕರಣ ಗೊತ್ತು. ಆ ಎರಡನೇ ಹೆಸರನ್ನ ಹೇಗೆ ಹೇಳೋದು ಅಂತ ತಿಳಿಯದೆ ಕ್ಲಾಸಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳ್ತೀವಿ, ಎಕ್ಸಾಂನಲ್ಲಿ ಡಿರೈವ್ ಮಾಡ್ತೀವಿ, ಆಮೇಲೆ ಮರೆತುಬಿಡ್ತೀವಿ. ನಾವೂ ಮರೆತಿದ್ವಿ.

ಹೋದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಲ್ಯಾಬ್-ಆನ್-ಎ-ಚಿಪ್ ಮಾಡೋಕೆ ಹೊರಟ್ವಿ. ಅಂದರೆ, ಒಂದು ಹನಿ ರಕ್ತವನ್ನು ಕೂದಲೆಳೆಯಷ್ಟು ಸಣ್ಣ ಚಾನೆಲ್‌ಗಳಲ್ಲಿ ಹರಿಸಿ ಪರೀಕ್ಷೆ ಮಾಡಬಲ್ಲ, ಅಂಗೈಯಲ್ಲಿ ಹಿಡಿಸುವ ಪಾಲಿಮರ್ ತುಂಡು. ಪಿಡಿಎಂಎಸ್ ಅನ್ನೋ ಸಿಲಿಕೋನ್ ರಬ್ಬರನ್ನ ಅಚ್ಚಿಗೆ ಸುರಿದು, ಗಟ್ಟಿಯಾದ ಮೇಲೆ ಕಿತ್ತು ಗಾಜಿಗೆ ಅಂಟಿಸಿದ್ವಿ. ಮೊದಲನೆಯದು ಸರಿಯಾಗಿ ಓಡಿತು. ಎರಡನೆಯದರಲ್ಲಿ ದುರಾಸೆಯಿಂದ ಚಾನೆಲ್‌ನ ಅಗಲ 200 ಮೈಕ್ರಾನ್ ಇದ್ದದ್ದನ್ನ 100ಕ್ಕೆ, ಆಳ 100 ಇದ್ದದ್ದನ್ನ 50ಕ್ಕೆ ಇಳಿಸಿ, ಸಿರಿಂಜ್ ಪಂಪನ್ನ ಅದೇ ಸ್ಪೀಡಲ್ಲಿ ಬಿಟ್ವಿ. ಟ್ಯೂಬ್ ಕಿತ್ತುಬಂದು ಕೆಂಪು ಬಣ್ಣದ ನೀರೆಲ್ಲ ಶರ್ಟ್ ಮೇಲೆ! ಅಳತೆ ಅರ್ಧ ಆಗಿದ್ದಕ್ಕೆ ಬೇಕಾದ ಪ್ರೆಶರ್ ಎರಡು ಪಟ್ಟಲ್ಲ, 16 ಪಟ್ಟು. ಈ 16 ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಒಬ್ಬ ಡಾಕ್ಟರ ಬದುಕು.

ಝಾನ್ ಲೆಯೊನಾರ್ ಮಾರಿ ಪ್ವಾಜೆಯ್ ಹುಟ್ಟಿದ್ದು 1797ರ ಏಪ್ರಿಲ್ 22ರಂದು, ಪ್ಯಾರಿಸ್‌ನಲ್ಲಿ. ತಂದೆ ಬಡಗಿ. 1815ರಲ್ಲಿ ಎಕೋಲ್ ಪಾಲಿಟೆಕ್ನಿಕ್ ಸೇರಿದರು. ಆಂಪೇರ್, ಕೋಷಿಯಂಥವರು ಪಾಠ ಮಾಡುತ್ತಿದ್ದ ಕಾಲೇಜು ಅದು. ಅಂದರೆ ಅವರೂ ಶುರು ಮಾಡಿದ್ದು ನಮ್ಮ ಹಾಗೇ. ಆದರೆ ನೆಪೋಲಿಯನ್ ಸೋತು ರಾಜರ ಆಳ್ವಿಕೆ ಮರಳಿ ಬಂದಿತ್ತು. 1816ರ ಏಪ್ರಿಲ್‌ನಲ್ಲಿ ಸರ್ಕಾರ ಕಾಲೇಜನ್ನೇ ಮುಚ್ಚಿ ಹುಡುಗರನ್ನೆಲ್ಲ ಮನೆಗೆ ಕಳಿಸಿತು. ಹತ್ತೊಂಬತ್ತು ವರ್ಷ, ಕೈಯಲ್ಲಿ ಡಿಗ್ರಿ ಇಲ್ಲ. ನಮ್ಮದೂ ಅದೇ ವಯಸ್ಸಾದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ಓದೋದು ನಿಲ್ಲಿಸಿದ್ವಿ. ಪ್ವಾಜೆಯ್ ಮೆಡಿಸಿನ್ ಕಡೆ ತಿರುಗಿದರು.

ತಿರುಗಿದರೂ ಅಳೆಯುವ ಚಟ ಬಿಡಲಿಲ್ಲ. 1828ರಲ್ಲಿ ಡಾಕ್ಟರ್ ಪದವಿಗೆ ಅವರು ಆರಿಸಿಕೊಂಡ ವಿಷಯ, ಹೃದಯ ಎಷ್ಟು ಬಲದಿಂದ ರಕ್ತ ತಳ್ಳುತ್ತದೆ ಅನ್ನೋದು. ಅದಕ್ಕೂ ಸುಮಾರು ನೂರು ವರ್ಷ ಹಿಂದೆ ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಕುದುರೆಯ ರಕ್ತನಾಳಕ್ಕೆ ಗಾಜಿನ ನಳಿಕೆ ಸಿಕ್ಕಿಸಿದಾಗ ರಕ್ತ ಎಂಟು ಅಡಿಗೂ ಮೇಲೆ ಏರಿತ್ತು. ಅಷ್ಟುದ್ದದ ನಳಿಕೆ ಹಿಡಿದು ಯಾರು ಓಡಾಡ್ತಾರೆ? ಪ್ವಾಜೆಯ್ ಯು-ಆಕಾರದ ನಳಿಕೆಗೆ ಪಾದರಸ ತುಂಬಿದರು. ಅದು ನೀರಿಗಿಂತ 13.6 ಪಟ್ಟು ಭಾರ, ಹಾಗಾಗಿ ಚಿಕ್ಕ ನಳಿಕೆ ಸಾಕಾಯಿತು. ರಕ್ತ ಹೆಪ್ಪುಗಟ್ಟದ ಹಾಗೆ ನಡುವೆ ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣ ಇಟ್ಟರು. ಬಿಪಿಯನ್ನ ಇವತ್ತಿಗೂ ಮಿಲಿಮೀಟರ್ ಪಾದರಸದಲ್ಲೇ ಹೇಳ್ತಾರಲ್ಲ, ಅದರ ಬೇರು ಇಲ್ಲಿದೆ.

ಆಮೇಲೆ ಅವರು ಮೈಕ್ರೋಸ್ಕೋಪ್ ಕೆಳಗೆ ಕಪ್ಪೆಯ ಸಣ್ಣ ರಕ್ತನಾಳಗಳನ್ನು ನೋಡುತ್ತಾ ಕೂತರು. ಕೆಂಪು ಕಣಗಳು ನಡುವೆ ಓಡುತ್ತವೆ, ಗೋಡೆ ಪಕ್ಕದಲ್ಲಿ ಬರೀ ಪ್ಲಾಸ್ಮಾದ ತೆಳು ಪದರ ಇರುತ್ತೆ ಅಂತ ಗಮನಿಸಿದರು. ಆದರೆ ಅವರಿಗೆ ಬೇಕಾಗಿದ್ದು ನಿಯಮ. ಜೀವಂತ ನಾಳದಲ್ಲಿ ಏನನ್ನೂ ಬೇಕಾದ ಹಾಗೆ ಬದಲಿಸೋಕೆ ಆಗಲ್ಲ. ಹೊರಗೆ ತೆಗೆದರೆ ರಕ್ತ ಹೆಪ್ಪುಗಟ್ಟುತ್ತೆ. ಹಾಗಾಗಿ ರಕ್ತ ಬಿಟ್ಟು ಶುದ್ಧ ನೀರು, ನಾಳ ಬಿಟ್ಟು ಗಾಜಿನ ನಳಿಕೆ ತಗೊಂಡರು. ಒಳವ್ಯಾಸ ಸುಮಾರು 0.015 ಮಿ.ಮೀ.ಯಿಂದ 0.6 ಮಿ.ಮೀ. ಇವತ್ತಿನ ಚಿಪ್ ಚಾನೆಲ್‌ಗಳ ಅಳತೆಯೇ! ನಳಿಕೆಗಳು ಪೂರ್ತಿ ದುಂಡಗೂ ಇರಲಿಲ್ಲ, ಅದನ್ನೂ ಮೈಕ್ರೋಸ್ಕೋಪ್‌ನಲ್ಲಿ ಅಳೆದರು. ಉಷ್ಣತೆ ಬದಲಾಗದ ಹಾಗೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗಾಳಿಯ ಒತ್ತಡದಿಂದ ನೀರು ತಳ್ಳಿ, ಎರಡು ಗುರುತುಗಳ ನಡುವಿನ ನೀರು ಖಾಲಿಯಾಗೋಕೆ ಎಷ್ಟು ಹೊತ್ತು ಬೇಕು ಅಂತ ನೋಡಿದರು. ಪ್ರೆಶರ್, ಉದ್ದ, ವ್ಯಾಸ, ಒಂದಾದ ಮೇಲೊಂದು ಬದಲಿಸುತ್ತಾ ಹೋದರು. ಹರಿವು ವ್ಯಾಸದ ನಾಲ್ಕನೇ ಘಾತದಂತೆ ಏರುತ್ತೆ ಅನ್ನೋದು ಬಂದದ್ದು ಈ ರೀಡಿಂಗ್‌ಗಳಿಂದ. ನಾವು ಬರೆಯುವ ಡೆರಿವೇಶನ್ ಬೇರೆಯವರು ಆಮೇಲೆ ಮಾಡಿದ್ದು. ನಳಿಕೆ ತೀರಾ ಗಿಡ್ಡ ಆದರೆ ನಿಯಮ ನಡೆಯಲ್ಲ ಅಂತಲೂ ಮುಚ್ಚಿಡದೆ ಬರೆದರು. ಲ್ಯಾಬ್ ರೆಕಾರ್ಡಲ್ಲಿ ಸರಿಹೊಂದದ ರೀಡಿಂಗನ್ನ ನಾವೇನು ಮಾಡ್ತೀವಿ ಅಂತ ಇಲ್ಲಿ ಹೇಳೋದು ಬೇಡ.

ಜರ್ಮನಿಯ ಎಂಜಿನಿಯರ್ ಹೇಗನ್ ಹಿತ್ತಾಳೆ ಕೊಳವೆಗಳಲ್ಲಿ ಇದೇ ನಿಯಮ ಕಂಡು 1839ರಲ್ಲಿ ಪ್ರಕಟಿಸಿದ್ದರು. ಇಬ್ಬರೂ ಬೇರೆಬೇರೆಯಾಗಿ ತಲುಪಿದ್ದು. ಪ್ವಾಜೆಯ್ ಅವರ ಪೂರ್ತಿ ವರದಿ ಅಚ್ಚಾದದ್ದು 1846ರಲ್ಲಿ. 1842ರಲ್ಲಿ ವೈದ್ಯರ ಅಕಾಡೆಮಿ ಅವರನ್ನು ಸೇರಿಸಿಕೊಂಡಿತು. ವಿಜ್ಞಾನ ಅಕಾಡೆಮಿಗೆ ಮತ್ತೆ ಮತ್ತೆ ಪ್ರಯತ್ನಿಸಿದರೂ ಆಗಲಿಲ್ಲ. ಕೊನೆಗಾಲದಲ್ಲಿ ಪ್ಯಾರಿಸ್‌ನ ಶಾಲೆಗಳ ಆರೋಗ್ಯ ತಪಾಸಣೆ ಕೆಲಸ ನೋಡಿಕೊಂಡು, 1869ರ ಡಿಸೆಂಬರ್ 26ರಂದು ತೀರಿಕೊಂಡರು. ವಿಸ್ಕಾಸಿಟಿಯ ಯುನಿಟ್ ‘ಪಾಯ್ಸ್’ ಅವರ ಹೆಸರಿನ ತುಂಡು.

ನಮಗೆ ಹಿಡಿಸಿದ್ದು ಏನಂದರೆ, ಅವರು ಪಕ್ಕಕ್ಕಿಟ್ಟ ರಕ್ತ ಈಗ ವಾಪಸ್ ಬಂದಿದೆ. ಕಪ್ಪೆಯಲ್ಲಿ ಕಂಡ ಆ ಪ್ಲಾಸ್ಮಾ ಪದರವನ್ನೇ ಪಕ್ಕದ ಚಾನೆಲ್‌ಗೆ ಎಳೆದು, ಸೆಂಟ್ರಿಫ್ಯೂಜ್ ಇಲ್ಲದೆ ಪ್ಲಾಸ್ಮಾ ಬೇರ್ಪಡಿಸುವ ಚಿಪ್‌ಗಳಿವೆ. ಪಿಡಿಎಂಎಸ್ ಮೆತ್ತಗಿರೋದರಿಂದ ಪ್ರೆಶರ್ ಏರಿದರೆ ಚಾನೆಲ್ ರಕ್ತನಾಳದ ಹಾಗೇ ಉಬ್ಬುತ್ತೆ, ಗಾಜಿನ ನಳಿಕೆಯ ಲೆಕ್ಕ ತಪ್ಪುತ್ತೆ.

ಅದೇ ಸಣ್ಣ ಚಾನೆಲ್‌ನ ಇನ್ನೊಂದು ಚಿಪ್ ಮಾಡಿ, ಪಂಪಿನ ಸ್ಪೀಡನ್ನ ಹದಿನಾರನೇ ಒಂದಕ್ಕೆ ಇಳಿಸಿ ಮತ್ತೆ ಕೂತ್ವಿ. ಕೆಂಪು ನೀರು ತುಂಬಾ ನಿಧಾನಕ್ಕೆ ಚಾನೆಲ್ ಒಳಗೆ ಹೋಯಿತು. ಟ್ಯೂಬ್ ಕಿತ್ತುಬರಲಿಲ್ಲ.